ಮನೆಗಸದ ವಿಂಗಡಣೆ: ಒಂದು ವಿಚಾರ

ಕಸವೆಂದರೇನೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ‘ಬೇಡವಾದದ್ದು’ ಎಂದು ಉತ್ತರ ಹೇಳಿಯಾರು. ಬೇಡವಾದದ್ದು ನಮಗೆ, ಇನ್ನೊಬ್ಬರಿಗೆ ಅದೇ ಬೇಕಾದ ಪದಾರ್ಥವಾಗಿರುತ್ತದೆ. ಹಳೆಯ ಕಾಗದ, ತಗಡು, ಬಾಟಲಿಗಳನ್ನು ತೂಗಿ ಕೊಳ್ಳುವ ಅಂಗಡಿಗೆ ನಾವು ‘ಭಂಗಾರದ ಅಂಗಡಿ’ ಎನ್ನುತ್ತೇವಷ್ಟೆ. ಬಂಗಾರಕ್ಕೂ ಭಂಗಾರಕ್ಕೂ ಇರುವ ಅಂತರ ಒಂದು ಮಹಾಪ್ರಾಣದ್ದು ಮಾತ್ರ. ವ್ಯಾಕರಣದ ಅಧ್ಯಾಪಕರು ಕ್ಷಮಿಸಬೇಕು.

ಈ ವಿಷಯ ನಮ್ಮ ದೇಶದ ಕಾನೂನಿನೊಳಗೆ ಬಂದುದರಲ್ಲಿ ಬೆಂಗಳೂರಿನ ಶ್ರೀಮತಿ ಅಲ್ಮಿತ್ರಾ ಪಟೇಲರ ಪಾಲು ದೊಡ್ಡದು. ಅವರು ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯ ಫಲವಾಗಿ ೨೦೦೦ದಲ್ಲಿ ನಗರಗಳ ಕಸಕ್ಕೆ ನಿಯಮಗಳಾದವು. ೨೦೧೬ರ ನಿಯಮಗಳು ಇನ್ನೂ ಮುಂದೆ ಹೋಗಿ, ಹಸಿ, ಒಣ, ಅಪಾಯಕರ ಎಂದು ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಗೃಹಸ್ಥನ ಮೇಲೆ ಹೊರಿಸಿದವು. ಗೃಹಸ್ಥನೆಂದರೂ ಕೆಲಸ ಬೀಳುವುದು ಗೃಹಿಣಿಯ ಪಾಲಿಗೆ. ವಿದ್ಯಾರ್ಥಿ ಮಿತ್ರರು ಇದನ್ನು ಗಮನಿಸಬಹುದು.

ಈ ಹೊಣೆ ಮನೆಯವರಿಗೇಕೆ, ಯಂತ್ರವಿಟ್ಟು ಆಮೇಲೆ ಬೇರ್ಪಡಿಸಲಾಗದೆ, ಎಂದು ಕೇಳಬಹುದು. ನಿನ್ನೆಯ ವೃತ್ತಪತ್ರಿಕೆ ಇಂದು ಒಳ್ಳೆಯ ಕಚ್ಚಾಮಾಲು. ಅದರ ಮೇಲೆ ಉಳಿದ ತೊಗರಿಬೇಳೆಯ ಸಾರು ಚೆಲ್ಲಿತೆನ್ನಿ. ಎಣ್ಣೆ ಹೀರಿದ ಆ ಕಾಗದ ಗಿರಣಿಗೆ ಬೇಡ. ಸಾರಿನೊಳಗೆ ಗಾಜಿನ ಚೂರು ಬಿದ್ದರೆ ಅದು ಗೊಬ್ಬರಕ್ಕೂ ಬೇಡ. ಹೀಗೆ ಬೆರೆತೊಡನೆ ಎರಡೂ ಕೆಡುತ್ತವೆ. ಯಂತ್ರ ಬಿಟ್ಟುದನ್ನು ಆರಿಸುವುದು ಮನುಷ್ಯರ ಕೈ. ಬ್ಲೇಡು, ಸೂಜಿ, ಒಡೆದ ಬಳೆ ಮೊದಲು ತಾಗುವುದು ಆ ಕೈಗೆ. ಚೂಪಾದವನ್ನು ಹಳೆಯ ಡಬ್ಬಿಯಲ್ಲಿ ಮುಚ್ಚಿ ಕೊಡುವುದಕ್ಕೆ ಎಷ್ಟು ಹೊತ್ತು ಹಿಡಿದೀತು?

‘ನಾವು ಬೇರ್ಪಡಿಸಿಕೊಟ್ಟರೂ ಗಾಡಿಯಲ್ಲಿ ಒಂದು ಮಾಡುತ್ತಾರೆ’ ಎಂಬ ಆಕ್ಷೇಪವನ್ನು ಎಲ್ಲ ಊರುಗಳಲ್ಲಿಯೂ ಕೇಳುತ್ತೇವೆ. ಅದನ್ನು ತಳ್ಳಿಹಾಕಲಾಗದು. ಆದರೆ ಬೇರೆಯಾಗಿ ಕೊಟ್ಟವನಿಗೆ ಬೇರೆಯಾಗಿ ಒಯ್ಯಿರೆಂದು ಕೇಳುವ ಹಕ್ಕುಂಟು. ಬೆರೆಸಿ ಕೊಟ್ಟವನು ಯಾವ ಬಾಯಿಂದ ಕೇಳಿಯಾನು?

ಸಂದೇಹ ಬರುವುದು ಕೆಲವು ಪದಾರ್ಥಗಳಲ್ಲಿ. ಹಾಲಿನ ಪಾಕೀಟು ಒಣಕಸವೇ ಸರಿ, ಆದರೆ ತೊಳೆದು ಒಣಗಿಸಿರಬೇಕು. ಕತ್ತರಿಸುವಾಗ ಮೂಲೆಯ ತುಣುಕು ಪೂರ್ತಿ ಬೇರೆಯಾಗದಿದ್ದರೆ ಮೇಲು, ಅಷ್ಟು ಸಣ್ಣ ಚೂರನ್ನು ಯಾರೂ ಆರಿಸಲಾರರು. ಚಿಪ್ಸಿನ ಚೀಟಿನಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಪದರಪದರವಾಗಿ ಅಂಟಿಕೊಂಡಿರುವುದರಿಂದ ಮತ್ತೆ ಬಳಸುವುದು ಬಲು ಕಷ್ಟ. ಇಂಥವನ್ನು ಸಿಮೆಂಟಿನ ಕುಲುಮೆಗಳಲ್ಲಿ ಉರುವಲಾಗಿ ಸುಡುವ ಪದ್ಧತಿಯುಂಟು. ವಾಡಿ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ಆದರೆ ಸುಡುವುದು ಮರುಬಳಕೆಯಲ್ಲ. ಒದ್ದೆಯಾಗಿದ್ದರೆ ಅದೂ ಸರಿಯಾಗಿ ಆಗದು. ಅಲ್ಯೂಮಿನಿಯಮ್ ಡಬ್ಬಿಯ ಮಾತೇ ಬೇರೆ. ಅದನ್ನು ಕರಗಿಸಿ ಹೊಸದು ಮಾಡಲು, ಅದಿರಿನಿಂದ ಮಾಡುವಾಗ ಬೇಕಾಗುವ ಶಕ್ತಿಯ ಸುಮಾರು ಶೇಕಡಾ ೫ ಭಾಗ ಸಾಕು. ಟ್ಯೂಬ್‌ಲೈಟಿನೊಳಗೆ ಪಾದರಸವಿರುತ್ತದೆ, ಅದು, ಬ್ಯಾಟರಿ, ಅವಧಿ ಮೀರಿದ ಔಷಧಿ ಮೂರನೆಯ ಬಗೆಗೆ ಸೇರಿದವು.

ಇನ್ನು ಹಸಿಕಸ. ತೂಕದಲ್ಲಿ ಮನೆಗಸದ ದೊಡ್ಡ ಪಾಲು ಇದೇ. ಗಾಳಿಯಿಲ್ಲದ ಗುಡ್ಡೆಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಭೂಮಿಯನ್ನು ಕಾಯಿಸುವ ಬಲ ಇಂಗಾಲಾಮ್ಲಕ್ಕಿಂತ ಸುಮಾರು ೨೮ ಪಟ್ಟು. ಗಾಳಿಯಾಡುವಂತೆ ಕೊಳೆತರೆ ಅದೇ ಕಸ ಗೊಬ್ಬರ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣೆಂಬುದು ನಮಗೆಲ್ಲ ಹೆಮ್ಮೆ. ಬಾಳೆ ನೆಲದಿಂದ ಪೊಟ್ಯಾಶಿಯಮ್ಮನ್ನು ಬಹಳವಾಗಿ ಎಳೆಯುವ ಬೆಳೆ. ಸಿಪ್ಪೆಯಲ್ಲಿಯೂ ಅದು ಹೇರಳವಾಗಿದೆ. ಕಲಬುರಗಿಯಲ್ಲಿ ಹಣ್ಣು ತಿಂದು ಸಿಪ್ಪೆಯನ್ನು ಕ್ಯಾರಿಬ್ಯಾಗಿನಲ್ಲಿ ಗಂಟುಕಟ್ಟಿ ಎಸೆದರೆ ಕಮಲಾಪುರದ ಮಣ್ಣಿನ ಸಾರ ಆ ಗಂಟಿನಲ್ಲಿಯೇ ಸಿಕ್ಕಿಬಿದ್ದಂತೆ.

ಕಮಲಾಪುರದಂಥ ಊರುಗಳ ಸುತ್ತ ಗಾಡಿಗಿಂತ ಮೊದಲು ತಿಪ್ಪೆಯಿತ್ತು. ಅದರಲ್ಲಿ ಸಗಣಿ, ಬೂದಿ, ಸೊಪ್ಪು ಬೀಳುತ್ತಿದ್ದವು; ಏನು ಹಾಕಿದರೂ ಹೊಲಕ್ಕೆ ಸಲ್ಲುತ್ತಿತ್ತು. ಈಗ ಅದೇ ತಿಪ್ಪೆಗೆ ಪ್ಲಾಸ್ಟಿಕ್ ಬಿದ್ದರೆ ಗೊಬ್ಬರದ ಬಂಡಿಯೊಡನೆ ಹೊಲ ಸೇರಿ ನೀರಿಗೂ ಬೇರಿಗೂ ಅಡ್ಡವಾಗುತ್ತದೆ. ಆದುದರಿಂದ ಅಲ್ಲಿಯೂ ವಿಂಗಡಣೆ ಬೇಕೇ ಬೇಕು.

ಅಂಗಳವಿಲ್ಲದ ನಗರವಾಸಿಗೆ ತೂತು ಕೊರೆದ ಮಣ್ಣಿನ ಗಡಿಗೆಯೊಂದು ಸಾಕು. ಒಂದು ಪದರ ಹಸಿಕಸ, ಮೇಲೆ ಒಣಗಿದ ಎಲೆ ಅಥವಾ ತೊಗರಿಯ ಹೊಟ್ಟು. ನಮ್ಮ ಬೇಸಿಗೆ ೪೦ ಡಿಗ್ರಿ ದಾಟುವುದರಿಂದ ಗಡಿಗೆಯನ್ನು ನೆರಳಿನಲ್ಲಿಟ್ಟು ಆಗಾಗ ನೀರು ಚಿಮುಕಿಸಬೇಕು. ಒಣಗಿದರೆ ಸೂಕ್ಷ್ಮಜೀವಿಗಳ ಕೆಲಸ ನಿಲ್ಲುತ್ತದೆ. ಹಿಡಿಯಲ್ಲಿ ಹಿಂಡಿದರೆ ತೇವ ತಿಳಿಯಬೇಕು, ನೀರು ತೊಟ್ಟಿಕ್ಕಬಾರದು. ಬಾಳೆಯ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿದರೆ ಬೇಗ ಕೊಳೆಯುತ್ತದೆ.