ಇಳಿವಯಸ್ಸಿನಲ್ಲಿ ಕುತ್ತಿಗೆಯ ಗಂಟು: ಕೊಯ್ಯುವ ಮೊದಲು ತಿಳಿಯಬೇಕಾದುದು

60 ವರ್ಷ ದಾಟಿದವರ ಕುತ್ತಿಗೆಯಲ್ಲಿ ನೋವಿಲ್ಲದ ಗಂಟೊಂದು ಕಾಣಿಸಿಕೊಂಡಾಗ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪನ್ನು ಮಾಡುತ್ತಾರೆ. ನೋವಿಲ್ಲವೆಂಬ ಕಾರಣಕ್ಕೆ ವರ್ಷಗಟ್ಟಲೆ ಸುಮ್ಮನಿರುವುದು ಒಂದು; ಸಿಕ್ಕಿದ ಕಡೆ ಕೊಯ್ಯಿಸಿ ತೆಗೆಸಿಬಿಡಲು ಅವಸರಪಡುವುದು ಇನ್ನೊಂದು. ಎರಡರಿಂದಲೂ ಹಾನಿಯುಂಟು.

ಮೊದಲನೆಯ ತಪ್ಪಿನ ಪರಿಣಾಮ ಹೆಚ್ಚು ಗಂಭೀರ. 40 ದಾಟಿದವರಲ್ಲಿ, ಅದರಲ್ಲೂ ಬೀಡಿ, ಸಿಗರೇಟು, ಹೊಗೆಸೊಪ್ಪು, ಮದ್ಯಗಳ ಅಭ್ಯಾಸವಿರುವವರಲ್ಲಿ, ಎರಡು ಮೂರು ವಾರ ಕಳೆದರೂ ಇಳಿಯದ ಗಂಟನ್ನು ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವವರೆಗೆ ಶಂಕೆಯಿಂದಲೇ ನೋಡುವುದು ವೈದ್ಯರ ಕ್ರಮ. ಬಾಯಿ ಅಥವಾ ಗಂಟಲಿನಲ್ಲಿ ಹುಟ್ಟಿದ ರೋಗ ಮೊದಲು ಕುತ್ತಿಗೆಯ ಗಂಟಾಗಿಯೇ ಪ್ರಕಟವಾಗುವುದುಂಟು. ನೀರು ತುಂಬಿದ ಚೀಲದಂತೆ ಮೆತ್ತಗಿದ್ದ ಮಾತ್ರಕ್ಕೆ ಈ ವಯಸ್ಸಿನಲ್ಲಿ ನಿಶ್ಚಿಂತರಾಗುವಂತಿಲ್ಲ. ಹಿಂದಿನವರು ಗಂಡಮಾಲೆ ಎಂದು ಕರೆಯುತ್ತಿದ್ದ ಗ್ರಂಥಿಗಳ ಕ್ಷಯವೂ ನಮ್ಮ ದೇಶದಲ್ಲಿ ಸಾಮಾನ್ಯ. ಅದು ಬಹುತೇಕ ಔಷಧಿಯಿಂದಲೇ ಗುಣವಾಗುತ್ತದೆ.

ಇವುಗಳ ಹೊರತಾಗಿ ಕೆಲವು ಅಪರೂಪದ, ಬಹುಮಟ್ಟಿಗೆ ನಿರಪಾಯಕರವಾದ ಗಡ್ಡೆಗಳಿವೆ. ಧೂಮಪಾನಿಗಳಾದ ವೃದ್ಧರಲ್ಲಿ ಕಿವಿಯ ಕೆಳಗಿನ ಲಾಲಾಗ್ರಂಥಿಯಲ್ಲಿ ಬೆಳೆಯುವ ವಾರ್ಥಿನ್ ಗಡ್ಡೆ ಅಂಥದೊಂದು. ದೀರ್ಘಕಾಲ ಮದ್ಯ ಸೇವಿಸಿದವರಲ್ಲಿ ಕುತ್ತಿಗೆಯ ಸುತ್ತ ಎರಡೂ ಕಡೆ ಸಮನಾಗಿ ಕೊಬ್ಬು ಶೇಖರವಾಗುವ ಮೇಡೆಲುಂಗ್ ರೋಗ ಇನ್ನೊಂದು. ನರದ ಹೊದಿಕೆಯಿಂದ ಹುಟ್ಟುವ ಗಡ್ಡೆಯೂ ಇದೆ; ಅದನ್ನು ಒತ್ತಿದರೆ ಕೆಲವರಿಗೆ ಕೆಮ್ಮು ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಡುವುದು ಶೀರ್ಷಧಮನಿಯ ಗಡ್ಡೆ. ಮಿದುಳಿಗೆ ರಕ್ತ ಒಯ್ಯುವ ಈ ಧಮನಿ ಕುತ್ತಿಗೆಯಲ್ಲಿ ಎರಡಾಗಿ ಕವಲೊಡೆಯುವ ಸ್ಥಳದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಅಂಗವೊಂದಿದೆ. ರಕ್ತದಲ್ಲಿ ಆಮ್ಲಜನಕ ಕಡಮೆಯಾದುದನ್ನು ಗ್ರಹಿಸಿ ಉಸಿರಾಟವನ್ನು ಚುರುಕುಗೊಳಿಸುವುದು ಅದರ ಕೆಲಸ. ಉಸಿರಾಟದ ಈ ನಿಯಂತ್ರಣವನ್ನು ಅರಿತುಕೊಟ್ಟ ಬೆಲ್ಜಿಯಂನ ಕಾರ್ನೇಯ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪಾರಿತೋಷಕ ಸಂದಿತು. ಬಹಳ ಎತ್ತರದ ಪ್ರದೇಶಗಳಲ್ಲಿ ನೆಲೆಸಿದವರಲ್ಲಿ, ಬಹುಶಃ ಈ ಅಂಗ ಸದಾ ದುಡಿಯಬೇಕಾದ್ದರಿಂದ, ಇದರ ಗಡ್ಡೆ ಹೆಚ್ಚಾಗಿ ಕಂಡುಬರುತ್ತದೆ.

ದವಡೆಯ ಕೋನದ ಕೆಳಗೆ ನಿಧಾನವಾಗಿ ಬೆಳೆಯುವ ಈ ಗಡ್ಡೆಯನ್ನು ಅಕ್ಕಪಕ್ಕಕ್ಕೆ ಸರಿಸಬಹುದು, ಮೇಲೆ ಕೆಳಗೆ ಸರಿಸಲಾಗುವುದಿಲ್ಲ. ಕೈಯಿಟ್ಟರೆ ಕೆಲವೊಮ್ಮೆ ನಾಡಿ ಮಿಡಿದಂತೆ ತೋರುತ್ತದೆ. ಇದರ ತುಂಬ ರಕ್ತನಾಳಗಳಿರುವುದರಿಂದ, ಸಾಮಾನ್ಯ ಗಂಟೆಂದು ಭಾವಿಸಿ ತುಂಡು ತೆಗೆಯಲು ಹೋದರೆ ತಡೆಯಲಾಗದ ರಕ್ತಸ್ರಾವವಾಗಬಹುದು. ಆದ್ದರಿಂದ ಈ ಜಾಗದ ಗಂಟಿಗೆ ಚಾಕುವಿಗಿಂತ, ಸೂಜಿಗಿಂತಲೂ ಮೊದಲು ಸ್ಕ್ಯಾನ್ ಆಗಬೇಕು. ಡಾಪ್ಲರ್ ಅಲ್ಟ್ರಾಸೌಂಡ್ ರಕ್ತದ ಹರಿವನ್ನು ತೋರಿಸಿದರೆ, ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಲ್ಲಿ ಗಡ್ಡೆಯು ಧಮನಿಯ ಎರಡು ಕವಲುಗಳನ್ನು ಕವೆಯಂತೆ ಅಗಲಿಸಿರುವುದು ಕಾಣುತ್ತದೆ. ಕೆಲವು ಗಡ್ಡೆಗಳು ರಕ್ತದೊತ್ತಡ ಏರಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ; ಶಸ್ತ್ರಕ್ರಿಯೆಗೆ ಮುನ್ನ ರಕ್ತ ಅಥವಾ ಮೂತ್ರದ ಪರೀಕ್ಷೆಯಿಂದ ಇದನ್ನು ಅರಿಯದಿದ್ದರೆ ಅರಿವಳಿಕೆಯ ವೇಳೆ ಒತ್ತಡ ಒಮ್ಮೆಲೇ ಏರಬಹುದು.

ಚಿಕಿತ್ಸೆ ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಂತರಲ್ಲಿ ಚಿಕ್ಕ ಗಡ್ಡೆಯನ್ನು ಅನುಭವಿ ಶಸ್ತ್ರವೈದ್ಯರು ತೆಗೆಯುತ್ತಾರೆ. ಗಡ್ಡೆ ಧಮನಿಯನ್ನು ಸುತ್ತುವರಿದಿದ್ದರೆ ಪಾರ್ಶ್ವವಾಯುವಿನ ಅಪಾಯವಿದೆ. ಧ್ವನಿ, ನುಂಗುವಿಕೆ, ನಾಲಿಗೆಯ ಚಲನೆಗಳನ್ನು ನಡೆಸುವ ನರಗಳಿಗೂ ಪೆಟ್ಟಾಗಬಹುದು. 75 ವರ್ಷದ, ಹೃದಯ ದುರ್ಬಲವಾದ ವ್ಯಕ್ತಿಗೆ ಅನ್ನ ನುಂಗಲಾರದ ಸ್ಥಿತಿ ಗಡ್ಡೆಗಿಂತ ದೊಡ್ಡ ಕಷ್ಟವಾದೀತು. ಅಂಥವರಲ್ಲಿ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ಗಮನಿಸುತ್ತಿರುವುದೂ ಸರಿಯಾದ ಚಿಕಿತ್ಸೆಯೇ. ಅದನ್ನು ವೈದ್ಯರ ಉದಾಸೀನವೆಂದು ತಿಳಿಯಬಾರದು. ಬೆಳೆಯುತ್ತಿರುವ ಗಡ್ಡೆಗೆ ವಿಕಿರಣ ನೀಡಬಹುದು. ಅದರಿಂದ ಗಡ್ಡೆ ಮಾಯವಾಗದಿದ್ದರೂ ಬೆಳವಣಿಗೆ ಬಹುಪಾಲು ನಿಲ್ಲುತ್ತದೆ. ಅಪರೂಪಕ್ಕೆ ಇದು ಬೇರೆಡೆ ಹರಡುವುದುಂಟು, ಆದಕಾರಣ ತಪಾಸಣೆಯನ್ನು ನಿಲ್ಲಿಸುವಂತಿಲ್ಲ.

ಈ ಗಡ್ಡೆ ಕೆಲವು ಕುಟುಂಬಗಳಲ್ಲಿ ವಂಶವಾಹಿಯಾಗಿ ಬರುತ್ತದೆ. ಎರಡೂ ಬದಿಗಳಲ್ಲಿ ಕಾಣಿಸಿಕೊಂಡರೆ ಆ ಸಂಭವ ಹೆಚ್ಚು. ಆಗ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕಾಗುತ್ತದೆ.

ಕುತ್ತಿಗೆಯ ಯಾವ ಗಂಟನ್ನೂ ಎಣ್ಣೆ ಹಚ್ಚಿ ತಿಕ್ಕಬಾರದು, ಬರೆ ಹಾಕಿಸಬಾರದು. ಶೀರ್ಷಧಮನಿಯನ್ನು ಒತ್ತಿದರೆ ವೃದ್ಧರಿಗೆ ನಾಡಿ ಕುಗ್ಗಿ ಎಚ್ಚರ ತಪ್ಪಬಹುದು. ಗಂಟಿನೊಂದಿಗೆ ಧ್ವನಿ ಒಡೆದಿದ್ದರೆ, ನುಂಗಲು ತೊಡಕಾಗುತ್ತಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ತಡಮಾಡದೆ ಕಾಣಬೇಕು. ಗಂಟು ಎಂದಿನಿಂದ ಇದೆಯೆಂಬುದು ನೆನಪಿಗೆ ಬಾರದಿದ್ದರೆ ಹಳೆಯ ಭಾವಚಿತ್ರಗಳನ್ನು ಜೊತೆಗೆ ಒಯ್ಯಬಹುದು. ವೈದ್ಯರಿಗೆ ಅವು ಉಪಯುಕ್ತ.