ಪದಕ ಗೆದ್ದ ಮೇಲೆ ಏನು? ಎರಿಕ್ ಲಿಡೆಲ್ ಬದುಕಿನಿಂದ ಎಂಟು ಸೂತ್ರಗಳು

1924ರ ಜುಲೈ 11. ಪ್ಯಾರಿಸ್ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್. ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಅವರಿಗೆ ಸಿಕ್ಕಿದ್ದು ತೀರಾ ಹೊರಗಿನ ಲೇನ್. ಅಲ್ಲಿ ಓಡುವವರಿಗೆ ಎದುರಾಳಿಗಳು ಎಲ್ಲಿದ್ದಾರೆಂದೇ ಕಾಣುವುದಿಲ್ಲ. 47.6 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಚಿನ್ನವೂ ಬಂತು, ವಿಶ್ವದಾಖಲೆಯೂ ಆಯಿತು. ಆಗ ಅವರಿಗೆ 22 ವರ್ಷ. ಮರುವರ್ಷವೇ ಮಿಷನರಿ ಮೇಷ್ಟ್ರಾಗಿ ಚೀನಾಕ್ಕೆ ಹೊರಟುಬಿಟ್ಟರು. ಯಶಸ್ಸಿನ ಪುಸ್ತಕಗಳು ಸಾಮಾನ್ಯವಾಗಿ ಪದಕದ ಹತ್ತಿರ ಬಂದು ಮುಗಿಯುತ್ತವೆ. ಲಿಡೆಲ್ ಅವರಿಂದ ಕಲಿಯಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಾಚೆಗಿದೆ.

1. ತೀರ್ಮಾನ ಮೊದಲೇ ಆಗಿರಲಿ

ಲಿಡೆಲ್ ಅವರ ನಿಜವಾದ ಸ್ಪರ್ಧೆ 100 ಮೀಟರ್. ಅದರ ಹೀಟ್ಸ್ ಬಿದ್ದದ್ದು ಭಾನುವಾರ. ಭಾನುವಾರ ದೇವರ ದಿನ, ಓಡುವುದಿಲ್ಲ ಎಂದರು. 1981ರ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದಲ್ಲಿ ಹಡಗು ಹತ್ತುವ ಹೊತ್ತಿಗೆ ಈ ಸುದ್ದಿ ತಿಳಿದು ಅವರು ಒದ್ದಾಡುತ್ತಾರೆ. ಸಿನಿಮಾಕ್ಕೆ ಅದು ಬೇಕು, ಬಿಡಿ. ವಾಸ್ತವದಲ್ಲಿ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು, ಅವರು ಬೇಡವೆಂದದ್ದೂ ಆಗಲೇ. ರಿಲೇ ಫೈನಲ್‌ಗಳು ಭಾನುವಾರ ಬಂದದ್ದರಿಂದ ಅವನ್ನೂ ಬಿಟ್ಟರು. ಸಿನಿಮಾದ ಕಥೆಗಿಂತ ಈ ನಿಜವೇ ನಮಗೆ ಹೆಚ್ಚು ಉಪಯೋಗದ್ದು. ಮದುವೆಮನೆಯಲ್ಲಿ ಒಬ್ಬಟ್ಟು ಎಲೆಗೆ ಬಿದ್ದು, ಮೇಲೆ ತುಪ್ಪವೂ ಬಿದ್ದ ಮೇಲೆ ಎಷ್ಟು ತಿನ್ನಬೇಕೆಂದು ಯೋಚಿಸಿ ಗೆದ್ದವರುಂಟೇ? ಬೆಳಗ್ಗೆ ಎಷ್ಟಕ್ಕೆ ಏಳಬೇಕು, ಯಾವ ಕೆಲಸಕ್ಕೆ ಒಲ್ಲೆ ಎನ್ನಬೇಕು ಎಂಬುದನ್ನೆಲ್ಲ ಮನಸ್ಸು ತಣ್ಣಗಿರುವಾಗಲೇ ನಿರ್ಧರಿಸಿ.

2. ಬಿಟ್ಟದ್ದಕ್ಕೆ ಕೊರಗಬೇಡಿ, ಉಳಿದದ್ದಕ್ಕೆ ತಯಾರಾಗಿ

100 ಮೀಟರ್ ಬಿಟ್ಟವರು ಹುತಾತ್ಮರಂತೆ ಕೂರಲಿಲ್ಲ. ತರಬೇತುದಾರ ಟಾಮ್ ಮೆಕರ್ಚರ್ ಜೊತೆ 400 ಮೀಟರಿಗೆ ಮೈ ಪಳಗಿಸಿದರು. ಅದು ಬೇರೆಯದೇ ಓಟ. ಕೊನೆಯ 100 ಮೀಟರಿನಲ್ಲಿ ಉಸಿರು ಸಾಲದೆ ಕಾಲು ಎತ್ತಿಡುವುದೇ ಕಷ್ಟವಾಗುತ್ತದೆ. 200 ಮೀಟರಿನಲ್ಲೂ ಓಡಿ ಕಂಚು ತಂದರು. ನಂಬಿಕೆ ಇದೆ, ದೇವರು ನೋಡಿಕೊಳ್ಳುತ್ತಾನೆ ಎಂದು ಅಭ್ಯಾಸ ಬಿಡುವವರು ಈ ಭಾಗವನ್ನು ಎರಡು ಸಲ ಓದಬೇಕು.

3. ಬಿದ್ದರೆ ಏಳಿ, ಎದ್ದರೆ ಓಡಿ

1923ರಲ್ಲಿ ಇಂಗ್ಲೆಂಡಿನ ಸ್ಟೋಕ್‌ನಲ್ಲಿ 440 ಗಜದ ಓಟ. ಶುರುವಿನಲ್ಲೇ ತಳ್ಳಾಟವಾಗಿ ಲಿಡೆಲ್ ನೆಲಕ್ಕೆ ಬಿದ್ದರು. ಏಳುವಷ್ಟರಲ್ಲಿ ಉಳಿದವರು ಸುಮಾರು 20 ಗಜ ಮುಂದಿದ್ದರು. ಗೆದ್ದದ್ದು ಮಾತ್ರ ಬಿದ್ದವರೇ. ಪ್ಯಾರಿಸ್ ಓಟಕ್ಕಿಂತ ಇದೇ ದೊಡ್ಡದೆಂದು ನನಗನ್ನಿಸುತ್ತದೆ.

4. ಕನ್ನಡಿಗಾಗಿ ಕಸರತ್ತು ಬೇಡ

ಲಿಡೆಲ್ ಓಡುವುದನ್ನು ನೋಡಿ ಪತ್ರಿಕೆಯವರು ನಗುತ್ತಿದ್ದರು. ತಲೆ ಹಿಂದಕ್ಕೆ, ಬಾಯಿ ತೆರೆದು, ಕೈ ಎತ್ತೆತ್ತಲೋ. ಕಾಲು ಮಾತ್ರ ಎಲ್ಲರಿಗಿಂತ ಮುಂದೆ. ನಿಮ್ಮ ನಡಿಗೆಯನ್ನೂ ಯಾರೂ ಫೋಟೊ ತೆಗೆಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ಹಳೆಯ ಚಪ್ಪಲಿಯಲ್ಲೇ ಶುರುಮಾಡಬಹುದು.

5. ಮೈಗೂ ಪ್ರಾರ್ಥನೆಗೂ ಜಗಳ ಹಚ್ಚಬೇಡಿ

ದೇಹ ಎಂದರೆ ಪಾಪದ ಗಂಟು ಎಂಬಂತೆ ಮಾತಾಡುವ ಬೋಧಕರು ಈಗಲೂ ಇದ್ದಾರೆ. ಅಪೊಸ್ತಲ ಪೌಲ ಹಾಗೆ ಯೋಚಿಸಿದವನಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಅವನು ಉದಾಹರಣೆಗೆ ಕರೆತರುವುದೇ ಓಟಗಾರರನ್ನು, ಮುಷ್ಟಿಕಾಳಗದವರನ್ನು. ಆ ಊರಿನ ಹತ್ತಿರವೇ ಇಸ್ತ್‌ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಕೇಳುವವರಿಗೆ ತಕ್ಷಣ ಅರ್ಥವಾಗುತ್ತಿತ್ತು.

1844ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಆರಂಭಿಸಿದ ವೈಎಂಸಿಎ ಮುಂದೆ ಹಿಡಿದದ್ದೂ ಇದೇ ದಾರಿ. ಅದರ ಕೆಂಪು ತ್ರಿಕೋನದ ಮೂರು ಬದಿಗಳು ದೇಹ, ಬುದ್ಧಿ, ಆತ್ಮ. ಬ್ಯಾಸ್ಕೆಟ್‌ಬಾಲ್ (1891) ಮತ್ತು ವಾಲಿಬಾಲ್ (1895) ಎರಡೂ ಅಮೆರಿಕದ ವೈಎಂಸಿಎ ಅಂಗಳದಲ್ಲಿ ಹುಟ್ಟಿದವು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಲಿಡೆಲ್ ಚಿನ್ನ ಗೆದ್ದ ಪ್ಯಾರಿಸ್‌ಗೆ ಭಾರತ ತಂಡವನ್ನು ಕರೆದೊಯ್ದವರೂ ಇದೇ ಬಕ್. ನಮ್ಮ ಎಷ್ಟೋ ಶಾಲೆಗಳ ಡ್ರಿಲ್ ಮೇಷ್ಟ್ರುಗಳು ಆ ಕಾಲೇಜಿನಲ್ಲಿ ಪಳಗಿ ಬಂದವರು. ಹಾಗೆ ನೋಡಿದರೆ ಮೈಯನ್ನೂ ಪ್ರಾರ್ಥನೆಯನ್ನೂ ಜೊತೆಗೂಡಿಸುವುದು ನಮಗೇನೂ ಹೊಸದಲ್ಲ. ಗರಡಿಮನೆಯಲ್ಲಿ ಹನುಮಂತನಿಗೆ ಕೈಮುಗಿದೇ ಮಣ್ಣಿಗೆ ಇಳಿಯುತ್ತಾರೆ.

6. ಬಲ ಬಂತೇ? ಖರ್ಚು ಮಾಡುವ ಜಾಗ ಹುಡುಕಿ

ಲಿಡೆಲ್ ಅವರನ್ನು ಚೀನಾಕ್ಕೆ ಕಳಿಸಿದ್ದು ಲಂಡನ್ ಮಿಷನರಿ ಸೊಸೈಟಿ. 19ನೇ ಶತಮಾನದ ಆರಂಭದಲ್ಲಿ ಜಾನ್ ಹ್ಯಾಂಡ್ಸ್ ಅವರನ್ನು ನಮ್ಮ ಬಳ್ಳಾರಿಗೆ ಕಳಿಸಿದ್ದೂ ಅದೇ ಸಂಸ್ಥೆ. ಚೀನಾದ ಟಿಯೆಂಟ್ಸಿನ್‌ನ ಶಾಲೆಯಲ್ಲಿ ಲಿಡೆಲ್ ಅವರದು ವಿಜ್ಞಾನ ಪಾಠ, ಸಂಜೆ ಆಟ. ಜಪಾನಿನ ದಾಳಿ ಶುರುವಾದ ಮೇಲೆ, ನೆಮ್ಮದಿಯ ಊರು ಬಿಟ್ಟು ಷಿಯಾವ್‌ಚಾಂಗ್ ಎಂಬ ಹಳ್ಳಿಗಾಡಿಗೆ ಹೋದರು. ಅಣ್ಣ ರಾಬ್ ಅಲ್ಲಿ ಡಾಕ್ಟರು. ಲಿಡೆಲ್ ಸೈಕಲ್ ಹತ್ತಿ ಊರೂರು ಸುತ್ತಿದರು, ಗಾಯಗೊಂಡು ಬಿದ್ದವರನ್ನು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ಒಲಿಂಪಿಕ್ ಕಾಲುಗಳಿಗೆ ಸಿಕ್ಕ ಕೆಲಸ ಅದು.

ನೀವು ಚೀನಾಕ್ಕೆ ಹೋಗಬೇಕಿಲ್ಲ. 18 ದಾಟಿದ, ಕನಿಷ್ಠ 45 ಕಿಲೋ ತೂಕದ, ಹಿಮೋಗ್ಲೋಬಿನ್ ಕನಿಷ್ಠ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಪಕ್ಕದ ಮನೆಯ ಅಜ್ಜಿಯ ಗ್ಯಾಸ್ ಸಿಲಿಂಡರ್ ಮೂರನೇ ಮಹಡಿಗೆ ಹೊತ್ತು ಕೊಡಬಹುದು. ಜಿಮ್ಮಿನಲ್ಲಿ ಎತ್ತಿದ ಭಾರ ಮತ್ತೆ ನೆಲಕ್ಕೇ ಇಳಿಯುತ್ತದೆ, ಇದು ಹಾಗಲ್ಲ.

7. ನಿಯಮ ಯಾರಿಗಾಗಿ ಎಂಬುದು ನೆನಪಿರಲಿ

1943ರಲ್ಲಿ ಜಪಾನೀಯರು ಲಿಡೆಲ್ ಅವರನ್ನು ವೇಯ್‌ಷಿಯೆನ್ ಬಂದಿಶಿಬಿರಕ್ಕೆ ತಳ್ಳಿದರು. ಎತ್ತರದ ಗೋಡೆಯೊಳಗೆ 1500ಕ್ಕೂ ಹೆಚ್ಚು ಜನ. ಅಪ್ಪ ಅಮ್ಮ ಜೊತೆಗಿಲ್ಲದ ಶಾಲಾ ಮಕ್ಕಳೂ ಅವರಲ್ಲಿದ್ದರು. ಲಿಡೆಲ್ ಅವರ ಹೆಂಡತಿ ಮಕ್ಕಳು ಆಗಲೇ ಕೆನಡಾ ಸೇರಿದ್ದರು. ಮೂರನೇ ಮಗಳ ಮುಖವನ್ನು ಅವರು ನೋಡಲೇ ಇಲ್ಲ. ಶಿಬಿರದ ಮಕ್ಕಳಿಗೆ ಅವರು ‘ಅಂಕಲ್ ಎರಿಕ್’. ಪಾಠ ಹೇಳಿದರು, ಮುದುಕರಿಗೆ ನೀರು ಹೊತ್ತರು, ಮುರಿದ ಹಾಕಿ ಕೋಲುಗಳನ್ನು ರಿಪೇರಿ ಮಾಡಿದರು, ಆಟ ಆಡಿಸಿದರು. ಭಾನುವಾರ ಮಾತ್ರ ಆಟವಿಲ್ಲ.

ಹದಿಹರೆಯದ ಹುಡುಗರು ಸುಮ್ಮನಿರುತ್ತಾರೆಯೇ? ಭಾನುವಾರ ತಾವೇ ಹಾಕಿ ಆಡಲು ಹೋದರು. ರೆಫರಿ ಇಲ್ಲದ ಆಟ ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ಭಾನುವಾರ ರೆಫರಿಯಾಗಿ ಅಂಗಳಕ್ಕೆ ಬಂದವರು ಲಿಡೆಲ್. ಒಲಿಂಪಿಕ್ ಪದಕಕ್ಕಾಗಿ ಮುರಿಯದ ನಿಯಮವನ್ನು ಬೇಸರದಿಂದ ಕಚ್ಚಾಡುವ ಹುಡುಗರಿಗಾಗಿ ಸಡಿಲಿಸಿದರು. ಇದು ಸೋಲು ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ: ಮೊದಲ ಸಲ ನಿಯಮ ಅವರನ್ನು ಕೀರ್ತಿಯ ಆಸೆಯಿಂದ ಕಾಪಾಡಿತ್ತು; ಇಲ್ಲಿ ಅದನ್ನೇ ಹಿಡಿದು ಕೂತಿದ್ದರೆ ಕಾಪಾಡುತ್ತಿದ್ದುದು ಅವರ ಹೆಸರನ್ನು ಮಾತ್ರ. ನಿಮ್ಮ ಉಪವಾಸ, ವ್ಯಾಯಾಮ, ಪ್ರಾರ್ಥನೆಯ ವೇಳೆಯಿಂದ ಮನೆಯವರಿಗೆ ಯಾರಿಗೆ ತೊಂದರೆಯಾಗುತ್ತಿದೆ ಎಂದು ಒಮ್ಮೆ ಕೇಳಿ ನೋಡಿ.

8. ಗಟ್ಟಿಮುಟ್ಟಾಗಿದ್ದೇನೆಂದು ಮೈಮರೆಯಬೇಡಿ

ಶಿಬಿರದಲ್ಲಿ ಲಿಡೆಲ್ ಅವರಿಗೆ ತಲೆನೋವು ಹತ್ತಿತು, ನಡಿಗೆ ನಿಧಾನವಾಯಿತು. ದಣಿವು, ಮನಸ್ಸಿನ ಭಾರ ಎಂದುಕೊಂಡರು. ಅದು ಮೆದುಳಿನ ಗಡ್ಡೆ. 1945ರ ಫೆಬ್ರುವರಿ 21ರಂದು, 43ನೇ ವಯಸ್ಸಿಗೆ ತೀರಿಕೊಂಡರು. ಆರು ತಿಂಗಳ ಬಳಿಕ ಶಿಬಿರದ ಬಂದಿಗಳಿಗೆ ಬಿಡುಗಡೆಯಾಯಿತು. ಸೇವೆ ಮಾಡುವವರೇ ತಮ್ಮ ನೋವನ್ನು ಮುಂದೂಡುವುದು ಹೆಚ್ಚು. ಅವರಿದ್ದ ಶಿಬಿರದಲ್ಲಿ ಸ್ಕ್ಯಾನಿಂಗ್ ಇರಲಿಲ್ಲ, ನಿಮ್ಮ ಜಿಲ್ಲಾ ಆಸ್ಪತ್ರೆಗೆ ಬಸ್ಸಿದೆ. ತಲೆನೋವು ವಾರಗಟ್ಟಲೆ ಬಿಡದಿದ್ದರೆ, ಜೊತೆಗೆ ವಾಂತಿ, ಕಣ್ಣು ಮಂಜಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ, ಸಭೆಯಲ್ಲಿ ಪ್ರಾರ್ಥನೆಗೆ ಹೆಸರು ಕೊಟ್ಟ ದಿನವೇ ಡಾಕ್ಟರನ್ನೂ ನೋಡಿ.