ಕಿಡ್ನಿ ರಕ್ತಪರೀಕ್ಷೆ: ರಿಪೋರ್ಟು ಓದುವ ಬಗೆ



ದವಾಖಾನೆಯ ರಕ್ತದ ರಿಪೋರ್ಟಿನಲ್ಲಿ ‘ಕ್ರಿಯಾಟಿನಿನ್’ ಎಂಬ ಸಾಲು ಇರುತ್ತದೆ. ಇದು ಸ್ನಾಯುಗಳಲ್ಲಿ ದಿನವೂ ಹುಟ್ಟುವ ಕಸ. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ಸೋಸುವ ಶಕ್ತಿ ಕುಂದಿದರೆ ರಕ್ತದಲ್ಲಿ ಅದರ ಬಾಕಿ ಏರುತ್ತದೆ.

ಆದರೆ ಬಾಕಿಯೊಂದನ್ನೇ ನೋಡಿ ಅಂಗಡಿಯ ಸ್ಥಿತಿ ಹೇಳಲಾಗದು, ವ್ಯಾಪಾರವೆಷ್ಟೆಂಬುದೂ ತಿಳಿಯಬೇಕು. ಹಾಗೆಯೇ ಕ್ರಿಯಾಟಿನಿನ್ ಜೊತೆಗೆ ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ‘ಇ-ಜಿ.ಎಫ್.ಆರ್.’ ಲೆಕ್ಕ ಹಾಕುತ್ತಾರೆ. 2021ರ ಸೂತ್ರದಂತೆ ಕ್ರಿಯಾಟಿನಿನ್ 1.2 ಇದ್ದರೆ 30 ವರ್ಷದ ಗಂಡಸಿಗೆ ಇದು ಸುಮಾರು 83. 65 ವರ್ಷದ ತಾಯಿಗೆ ಸುಮಾರು 50. ಅಂಕಿ ಒಂದೇ, ಅರ್ಥ ಬೇರೆ. ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ಬೇನೆ.

ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದರೂ ಯೂರಿಯಾ ಏರುವುದುಂಟು. ಆದುದರಿಂದ ಒಂದೇ ರಿಪೋರ್ಟಿಗೆ ಗಾಬರಿ ಬೇಡ, ಅಲಕ್ಷ್ಯವೂ ಬೇಡ. ವೈದ್ಯರು ಹೇಳಿದಾಗ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿರಿ.

ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಯನ್ನೂ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಬೇಕು. ಮೈಕೈ ನೋವಿಗೆಂದು ವೈದ್ಯರನ್ನು ಕೇಳದೆ ದಿನವೂ ಗುಳಿಗೆ ನುಂಗಬಾರದು. ಅದು ಕಿಡ್ನಿಗೆ ಪೆಟ್ಟು. ಹಳೆಯ ರಿಪೋರ್ಟುಗಳನ್ನು ಖಾತೆಪುಸ್ತಕದಂತೆ ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿರಿ. ಈ ಬೇನೆ ಆರಂಭದಲ್ಲಿ ನೋವು ಕೊಟ್ಟು ಎಚ್ಚರಿಸುವುದಿಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು.